ಬೈಕಿನ ಮುಂದಿನ ಶಾಕ್ ಮನೆಯಲ್ಲೇ ಗಟ್ಟಿ ಮಾಡಬಹುದಾ?

ಪ್ರಶ್ನೆ (ಬದಿಯಡ್ಕದಿಂದ): ನನ್ನದು 150 ಸಿಸಿ ಬೈಕು, ಎಂಟು ವರ್ಷ ಹಳೆಯದು. ಮನೆಯಿಂದ ಡಾಮರು ರಸ್ತೆಗೆ ಬರುವುದು ಮುರಕಲ್ಲಿನ ಇಳಿಜಾರಿನಲ್ಲಿ. ಬ್ರೇಕ್ ಹಿಡಿದರೆ ಮುಂದೆ ಪೂರ್ತಿ ಕುಸಿಯುತ್ತದೆ, ಹಂಪಿನಲ್ಲಿ ಟಕ್ ಅಂತ ಬಡಿಯುತ್ತದೆ. 20ಡಬ್ಲ್ಯೂ ಅನ್ನುವ ದಪ್ಪ ಆಯಿಲ್ ಹಾಕು, ಸ್ಪ್ರಿಂಗ್ ಮೇಲೆ ಪಿವಿಸಿ ಪೈಪಿನ ತುಂಡು ಇಡು ಅಂತ ಗೆಳೆಯ ಹೇಳಿದ. ಮಾಡಬಹುದಾ?

ಉತ್ತರ (ಮುಳ್ಳೇರಿಯದ ಮೆಕ್ಯಾನಿಕ್): ಮಾಡಬಹುದು, ಆದರೆ ಎರಡೂ ಒಟ್ಟಿಗೆ ಬೇಡ. ಯಾವುದರಿಂದ ಎಂತ ಆಯ್ತು ಅಂತ ಗೊತ್ತಾಗುವುದಿಲ್ಲ. ಎಂಟು ವರ್ಷದಲ್ಲಿ ಒಮ್ಮೆಯಾದರೂ ಫೋರ್ಕ್ (ಮುಂದಿನ ಶಾಕ್) ಆಯಿಲ್ ಬದಲಿಸಿದ್ದೀರಾ? ಇಂಥ ಬೈಕ್ ಬಿಚ್ಚಿದರೆ ಬರುವುದು ಬೂದಿ ಬಣ್ಣದ ನೀರು, ಮೀನು ತೊಳೆದ ನೀರಿನ ಹಾಗೆ, ವಾಸನೆಯೂ ಹಾಗೇ.

ದಪ್ಪ ಆಯಿಲ್ ಕುಸಿತವನ್ನು ನಿಧಾನ ಮಾಡುತ್ತದೆ ಅಷ್ಟೆ, ನಿಲ್ಲಿಸುವುದಿಲ್ಲ. ಭಾರ ಹೊರುವುದು ಸ್ಪ್ರಿಂಗ್. ಒಳಗಿನ ರಾಡಿನ ಸಣ್ಣ ತೂತುಗಳಲ್ಲಿ ಆಯಿಲ್ ನುಗ್ಗಿ ಹೋಗಬೇಕು, ಚಕ್ರ ಜೋರಾಗಿ ಹೊಂಡಕ್ಕೆ ಬಿದ್ದಾಗ 20ಡಬ್ಲ್ಯೂ ಅಷ್ಟು ಬೇಗ ಹೋಗುವುದಿಲ್ಲ, ಪೆಟ್ಟು ನೇರ ನಿಮ್ಮ ಮಣಿಕಟ್ಟಿಗೆ. ಸಾಲು ಹೊಂಡ ಬಂದರೆ ಇನ್ನೂ ಕಷ್ಟ, ಶಾಕ್ ಮೇಲೆ ಬರುವ ಮೊದಲೇ ಮುಂದಿನ ಹೊಂಡ. ನಮ್ಮ ಮಳೆಗಾಲದ ರಸ್ತೆ ನಿಮಗೆ ಗೊತ್ತುಂಟಲ್ವಾ. ಸುಮ್ನೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಯಿಲನ್ನೇ ಹೇಳಿದಷ್ಟೇ ಹಾಕಿ. ಎಂಜಿನ್ ಆಯಿಲ್ ಹಾಕಬೇಡಿ. ಅಳತೆಗಿಂತ ಜಾಸ್ತಿಯೂ ಬೇಡ, ಮೇಲೆ ಗಾಳಿಗೆ ಜಾಗ ಸಾಲದೆ, ಆಯಿಲ್ ತಡೆಯುವ ರಬ್ಬರ್ ಸೀಲನ್ನು ಹೊರಗೆ ತಳ್ಳಿಬಿಡುತ್ತದೆ.

ಮೊದಲು ಅಳತೆ. ಫೋರ್ಕಿನ ಹೊಳೆಯುವ ಪೈಪಿಗೆ ಒಂದು ಪ್ಲಾಸ್ಟಿಕ್ ಟ್ಯಾಗ್ ಬಿಗಿದು ಸೀಲಿನ ತನಕ ಇಳಿಸಿ. ಮುಂದಿನ ಚಕ್ರ ನೆಲ ಬಿಟ್ಟಿರಬೇಕು. ಆಮೇಲೆ ಬೈಕ್ ಇಳಿಸಿ ಮೆಲ್ಲಗೆ ಕೂತು, ಮೆಲ್ಲಗೆ ಇಳಿದು, ಚಕ್ರ ಮತ್ತೆ ಎತ್ತಿ, ಟ್ಯಾಗ್ ಸೀಲಿನಿಂದ ಎಷ್ಟು ದೂರ ಹೋಗಿದೆ ನೋಡಿ. ಶಾಕ್ ಒಟ್ಟು 130 ಮಿ.ಮೀ. ಓಡುವುದಾದರೆ 40ರ ಹತ್ತಿರ ಇದ್ದರೆ ಸರಿ.

ಪ್ರಶ್ನೆ: ನೋಡಿದೆ, 58 ಬಂತು! ಒಟ್ಟು 130 ಇರುವುದೇ. ಹಾಗಾದರೆ ಪೈಪ್ ಎಷ್ಟು ಉದ್ದ?

ಉತ್ತರ: ಸ್ಪ್ರಿಂಗ್ ಹೊರಗೆ ತೆಗೆದ ಮೇಲೆ ಅದರ ಉದ್ದ ಅಳೆದು ಮ್ಯಾನ್ಯುಯಲ್ ಜೊತೆ ಹೋಲಿಸಿ. ಮಿತಿಗಿಂತ ಗಿಡ್ಡ ಆಗಿದ್ದರೆ ಪೈಪ್ ಯೋಚನೆ ಬಿಟ್ಟು ಹೊಸ ಜೋಡಿ ಹಾಕಿ. ಸರಿ ಇದ್ದರೆ 15 ಮಿ.ಮೀ. ಸಾಕು, ಕುಸಿತ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ಪೈಪ್ ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಬೈಕನ್ನು ಎತ್ತರದಲ್ಲಿ ನಿಲ್ಲಿಸುತ್ತದೆ. ದಪ್ಪ ಗೋಡೆಯ ಪೈಪೇ ಆಗಬೇಕು, ತುದಿ ನೇರ ಕತ್ತರಿಸಿ, ಪುಡಿ ಒರಸಿ, ಸ್ಪ್ರಿಂಗ್ ಮತ್ತು ಪೈಪಿನ ನಡುವೆ ಸ್ಟೀಲ್ ವಾಷರ್ ಇಡಿ. ಎರಡೂ ಕಡೆ ಒಂದೇ ಅಳತೆ.

ಒಂದು ಮಾತು ದಯವಿಟ್ಟು ಕೇಳಿ. ಫೋರ್ಕಿನ ಮೇಲಿನ ಕ್ಯಾಪ್ ಬಿಚ್ಚುವಾಗ ಮುಖ ಅಡ್ಡ ತರಬೇಡಿ, ಅದರ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಎಂಜಿನ್ ಕೆಳಗೆ ಗಟ್ಟಿ ಆಧಾರ ಕೊಟ್ಟು ಚಕ್ರ ಎತ್ತಿ, ಕೊನೆಯ ಎರಡು ಸುತ್ತಿಗೆ ಸ್ಪಾನರ್ ಮೇಲೆ ಮೈಭಾರ ಹಾಕಿಯೇ ತಿರುಗಿಸಿ. ನಮ್ಮ ಶೆಡ್ಡಿನಲ್ಲಿ ಒಬ್ಬ ಹುಡುಗನ ಕೈ ತಪ್ಪಿ ಹಾರಿದ ಕ್ಯಾಪ್ ತಗಡಿಗೆ ಬಡಿದಿತ್ತು. ಆ ಗುಂಡಿ ಈಗಲೂ ಉಂಟು.

ಪ್ರಶ್ನೆ: ಸೀಲ್ ಕೂಡ ಬದಲಿಸಬೇಕಾ?

ಉತ್ತರ: ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಉಗುರು ಓಡಿಸಿ ನೋಡಿ. ತುಕ್ಕಿನ ಚುಕ್ಕೆ ಉಗುರಿಗೆ ತಾಗಿದರೆ ಹೊಸ ಸೀಲನ್ನೂ ಅದು ಬೇಗ ಹರಿಯುತ್ತದೆ, ಪೈಪನ್ನೇ ಸರಿಮಾಡಿಸಬೇಕು. ನುಣ್ಣಗಿದ್ದು ಎಣ್ಣೆ ಜಿನುಗದಿದ್ದರೆ ಈಗ ಬೇಡ. ಜಿನುಗುತ್ತಿದ್ದರೆ ಇವತ್ತೇ ಮಾಡಿ, ಆ ಎಣ್ಣೆ ಇಳಿಯುವುದು ಬ್ರೇಕ್ ಡಿಸ್ಕಿನ ಕಡೆಗೆ, ನಿಮ್ಮದು ಇಳಿಜಾರು ದಾರಿ ಬೇರೆ.