ಐಸ್ ಬೋಟಿನ ಅಡ್ಡಹಲಗೆಗೆ ನಮ್ಮ ಸಿಲ್ವರ್ ಓಕ್ ಆಗುತ್ತಾ?

ಕುಶಾಲನಗರ_ಮರಗೆಲಸ:
ಡಿಸೆಂಬರ್ ಕೊನೆಗೆ ಅಮೆರಿಕದ ಮ್ಯಾಡಿಸನ್‌ಗೆ, ಅಕ್ಕನ ಮನೆಗೆ ಹೊರಟಿದ್ದೇನೆ. ಮಾರ್ಚ್‌ವರೆಗೆ ಅಲ್ಲೇ. ಭಾವನ ಗ್ಯಾರೇಜಲ್ಲಿ ಅರ್ಧಕ್ಕೆ ನಿಂತ ಡಿಎನ್ ಐಸ್ ಬೋಟ್ ಒಂದಿದೆ: ಹೆಪ್ಪುಗಟ್ಟಿದ ಕೆರೆ ಮೇಲೆ ಹಾಯಿ ಕಟ್ಟಿ ಓಡಿಸುವ, ಒಬ್ಬರಿಗಾಗುವ ಸಣ್ಣ ಮಾದರಿ. 12 ಅಡಿಯ ಒಡಲು, 16 ಅಡಿಯ ಕಂಬ, ಹಾಯಿ ಎಲ್ಲ ಸರಿ ಇವೆ. ಒಡಲಿಗೆ ಅಡ್ಡ ಕೂತು ಪಕ್ಕದ ರನ್ನರ್ ಹೊರುವ 8 ಅಡಿಯ ಅಡ್ಡಹಲಗೆ ಇಲ್ಲ, ಐಸ್ ಮೇಲೆ ಜಾರುವ ಉಕ್ಕಿನ ಅಲಗುಗಳಾದ ಮೂರೂ ರನ್ನರ್‌ಗೆ ತುಕ್ಕು. ತೋಟದ ಸಿಲ್ವರ್ ಓಕ್ ಇಲ್ಲೇ ಸೀಳಿಸಿ ಒಯ್ದರೆ ನಡೆಯುತ್ತಾ? ಐಸ್ ಎಷ್ಟು ದಪ್ಪ ಇದ್ದರೆ ಇಳಿಯಬಹುದು? ನೀರಲ್ಲಿ ಹಾಯಿದೋಣಿ ನಡೆಸಿ ಗೊತ್ತು, ಅದೇ ಕೈ ಇಲ್ಲೂ ಸಾಕಾ?

ಬಾಚಿ_ಉಳಿ:
ಮರ ಇಲ್ಲಿಂದ ಬೇಡ ಸರ್. ಸಾಗಿಸೋ ತಾಪತ್ರಯ ಬಿಡಿ, ಅಸಲು ತೊಂದರೆ ತೇವದ್ದು. ಕೊಡಗಿನ ಗಾಳಿಗೆ ಒಣಗಿದ ಮರದಲ್ಲಿ ಶೇ. 14-15 ತೇವ ಉಳಿದೇ ಇರುತ್ತೆ. ಅಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದ ಗ್ಯಾರೇಜಲ್ಲಿ ಅದು ಶೇ. 7-8ಕ್ಕೆ ಇಳಿಯೋವಾಗ ಹಲಗೆ ತಿರುಚುತ್ತೆ, ಅಂಟಿನ ಸಂದು ಬಾಯಿ ಬಿಡುತ್ತೆ. ಜೊತೆಗೆ ವರ್ಷಾ ವರ್ಷಾ ಮರಗಸಿ ಮಾಡಿದ ಸಿಲ್ವರ್ ಓಕಲ್ಲಿ ಕೊಂಬೆ ಕಡಿದಲ್ಲೆಲ್ಲ ಗಂಟು. ಈ ಹಲಗೆ ಪ್ರತಿ ಗಾಳಿಗೂ ಬಿಲ್ಲಿನ ಹಾಗೆ ಬಾಗಬೇಕು, ಗಂಟಿದ್ದಲ್ಲೇ ಮುರಿಯುತ್ತೆ. ಮೆಣಸಿನ ಬಳ್ಳಿ ಹಬ್ಬಿಸೋಕೆ ಅದಕ್ಕಿಂತ ಒಳ್ಳೆ ಮರ ಇಲ್ಲ, ಇದಕ್ಕೆ ಮಾತ್ರ ಬೇಡ.

ಅಲ್ಲೇ ನೇರ ಎಳೆಯ ಬಿಳಿ ಆ್ಯಶ್ ಮರ ತಗೊಳ್ಳಿ. ತೆಳು ಪಟ್ಟಿಗಳನ್ನ ಎಪಾಕ್ಸಿ ಅಂಟಲ್ಲಿ ಒಂದರ ಮೇಲೊಂದು ಅಂಟಿಸಿ, ನಡು ಮೇಲಕ್ಕೆ ಸ್ವಲ್ಪ ಉಬ್ಬಿರೋ ಅಚ್ಚಿನ ಮೇಲೆ ಕ್ಲ್ಯಾಂಪ್ ಮಾಡಿ. ದಪ್ಪ ಸ್ವಲ್ಪ ಜಾಸ್ತಿಯೇ ಬಿಡಿ. ಆರಿದ ಮೇಲೆ ಎರಡು ತುದಿಗೂ ಆಸರೆ ಕೊಟ್ಟು ನೀವೇ ನಡುವೆ ನಿಂತು ನೋಡಿ. 40ರಿಂದ 50 ಮಿಮೀ ಬಗ್ಗಿದ್ರೆ ಸರಿ. ಬಗ್ಗದಿದ್ರೆ ಉಜ್ಜುಗೊರಡು ಹಾಕಿ, ಆದರೆ ಒಂದೊಂದೇ ಮಿಮೀ. ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ತಕ್ಕ ಹಾಗೆ ಬಿಗಿ ಇಳಿಯೋದರಿಂದ 40 ಮಿಮೀ ಹಲಗೆಯನ್ನ 38ಕ್ಕೆ ತಂದ್ರೆ ಬಿಗಿ ಶೇ. 14ರಷ್ಟು ಹೋಗಿಬಿಡುತ್ತೆ. ಅತಿ ಬಿಗಿಯಾದ್ರೆ ಸಣ್ಣ ಗಾಳಿಗೂ ಒಂದು ರನ್ನರ್ ಎದ್ದು ನಿಲ್ಲುತ್ತೆ, ಅತಿ ಮೆತ್ತಗಾದ್ರೆ ಕಂಬದ ತಂತಿಗಳು ಸಡಿಲವಾಗುತ್ತವೆ.

ರನ್ನರ್ ಅಲಗಿಗೆ 90 ಡಿಗ್ರಿ ಕೋನ. ತುಕ್ಕಿನ ಗುಳಿ ಅಲಗಿನ ಮೇಲಿದ್ರೆ ಅದರ ಬುಡ ಸಿಗೋವರೆಗೂ ಸವೆಸಲೇಬೇಕು. ಬೆಲ್ಟ್ ಸ್ಯಾಂಡರ್ ಹಿಡಿದು ಒಂದೇ ಕಡೆ ನಿಲ್ಲಿಸಬೇಡಿ: ಉಕ್ಕಿನ ಮೇಲೆ ನೀಲಿ ಬಣ್ಣ ಕಂಡ್ರೆ ಅಲ್ಲಿ ಹದ ಹೋಯ್ತು ಅಂತಲೇ ಅರ್ಥ. ಕೊನೆಗೆ ಸಾಣೆಕಲ್ಲನ್ನ ಉದ್ದಕ್ಕೇ ಎಳೀರಿ. ಹೆಬ್ಬೆರಳಿನ ಉಗುರನ್ನ ಅಲಗಿಗೆ ಅಡ್ಡ ಇಟ್ಟು ಮೆಲ್ಲಗೆ ಎಳೆದಾಗ ಬಿಳಿ ಪುಡಿ ಏಳಬೇಕು, ಜಾರಿದ್ರೆ ಇನ್ನೂ ಮೊಂಡು.

ಪಕ್ಕದ ಎರಡು ರನ್ನರ್ ಸಮಾನಾಂತರ ಇದೆಯಾ ಅಂತ ಅಳೆಯೋವಾಗ ಬೋಟಲ್ಲಿ ಒಬ್ಬರು ಮಲಗಿರಲೇಬೇಕು. ಭಾರ ಬಿದ್ದಾಗ ಹಲಗೆ ಬಾಗಿ ರನ್ನರ್‌ಗಳ ಕೋನವೇ ಬದಲಾಗುತ್ತೆ, ಖಾಲಿ ಬೋಟಿನ ಅಳತೆ ಉಪಯೋಗಕ್ಕಿಲ್ಲ. ಮುಂದಿನ ಅಂತರಕ್ಕೂ ಹಿಂದಿನ ಅಂತರಕ್ಕೂ ಅರ್ಧ ಮಿಮೀ ವ್ಯತ್ಯಾಸವೂ ಜಾಸ್ತಿಯೇ, ವೇಗ ಕಟ್ಟಾಗುತ್ತೆ, ಅಲಗು ಬೇಗ ಸವೆಯುತ್ತೆ.

ಮೆಂಡೋಟಾ_ದಂಡೆ:
ಮರದ ವಿಷಯಕ್ಕೆ ಇನ್ನು ಸೇರಿಸುವುದೇನಿಲ್ಲ, ಐಸ್ ಬಗ್ಗೆ ಹೇಳುತ್ತೇನೆ. ಗಾಜಿನಂತೆ ಆರಪಾರ ಕಾಣುವ ಕಪ್ಪು ಐಸ್ ಕನಿಷ್ಠ 4 ಇಂಚು. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸಿಗೆ ಶಕ್ತಿ ಅರ್ಧ, ಅದು ಎರಡರಷ್ಟು ಇರಬೇಕು. ಮಾರ್ಚ್‌ನಲ್ಲಿ ದಪ್ಪ ನೋಡಿ ನಂಬಲೇಬೇಡಿ: ಬಿಸಿಲಿಗೆ ಐಸ್ ಒಳಗೊಳಗೇ ಉದ್ದುದ್ದ ಕಡ್ಡಿಗಳಾಗಿ ಬಿಟ್ಟುಕೊಂಡಿರುತ್ತದೆ, ಒಂದು ಅಡಿ ಇದ್ದರೂ ಕುಸಿಯುತ್ತದೆ. ಒಂದು ಕಡೆ ಕೊರೆದು ನೋಡಿದರೆ ಸಾಲದು, ಹೋಗುವ ದಾರಿಯುದ್ದಕ್ಕೂ ಕೊರೆಯುತ್ತಾ ನಡೆಯಿರಿ. ಯಹಾರಾ ನದಿ ಅಲ್ಲಿನ ಮೆಂಡೋಟಾ ಕೆರೆ ಸೇರುವ, ಬಿಡುವ ಜಾಗಗಳಲ್ಲಿ ನೀರು ಹರಿಯುವುದರಿಂದ ಐಸ್ ಯಾವಾಗಲೂ ತೆಳು. ಉಷ್ಣತೆ ಏರಿಳಿದಾಗ ಐಸ್ ಹಿಗ್ಗಿ ದಿಬ್ಬ ಏಳುತ್ತದೆ, ಅದರ ಪಕ್ಕದಲ್ಲೇ ತೆರೆದ ನೀರು ಇರಬಹುದು. ಇಳಿದು ನಡೆದು ನೋಡದೆ ದಾಟಬೇಡಿ. ಬಿರುಕನ್ನು ನೇರ ಅಡ್ಡವಾಗಿ ದಾಟಿ, ಅದರ ಉದ್ದಕ್ಕೆ ಸಾಗಿದರೆ ರನ್ನರ್ ಒಳಗೆ ಸಿಕ್ಕಿಕೊಳ್ಳುತ್ತದೆ.

ನೀರಿನ ಅಭ್ಯಾಸದಲ್ಲಿ ಅರ್ಧ ಮರೆಯಬೇಕಾಗುತ್ತದೆ. ಗಾಳಿಗಿಂತ ಮೂರು ನಾಲ್ಕು ಪಟ್ಟು ವೇಗದಲ್ಲಿ ಓಡುವ ಬೋಟಿಗೆ ಗಾಳಿ ಯಾವಾಗಲೂ ಮುಂದಿನಿಂದಲೇ ಬಂದಂತೆ. ಹಾಗಾಗಿ ಗಾಳಿ ಬೆನ್ನಿಗಿದ್ದು ಅದು ಹೋಗುವ ಕಡೆಗೇ ಹೋಗುವಾಗಲೂ ಹಾಯಿಯ ಹಗ್ಗ ಬಿಗಿಯೇ ಇರಬೇಕು, ದಾರಿ ಅಂಕುಡೊಂಕು. ನೀರಿನಲ್ಲಿ ಮಾಡಿದಂತೆ ಹಾಯಿ ಪೂರ್ತಿ ಬಿಚ್ಚಿ ಗಾಳಿ ಹೋಗುವ ಕಡೆಗೇ ನೇರ ಹೊರಟರೆ ಬೋಟ್ ಬಸವನಹುಳು. ಹೊರಡುವಾಗ ಮಾತ್ರ ಹಗ್ಗ ಸಡಿಲ: ಮೊಳೆ ಶೂ ಹಾಕಿ ತಳ್ಳುತ್ತಾ ಓಡಿ, ವೇಗ ಬಂದ ಮೇಲೆ ಹಾರಿ ಮಲಗಿ, ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಮೊದಲೇ ಬಿಗಿದರೆ ಬೋಟ್ ಮುಂದೆ ಹೋಗದೆ ಅಡ್ಡ ಜಾರುತ್ತದೆ. ರನ್ನರ್ ಎದ್ದರೆ ಹಗ್ಗ ಬಿಡಿ. ನಿಲ್ಲಿಸಬೇಕಾದರೆ ಮೂತಿಯನ್ನು ಗಾಳಿಗೆ ತಿರುಗಿಸಿ, ಅದಕ್ಕೆ ಮುಂದೆ ಬೇಕಾದಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಿಕೊಂಡಿರಿ.

ಹೆಲ್ಮೆಟ್, ಕನ್ನಡಕ, ತೇಲುವ ಜಾಕೆಟ್, ಕುತ್ತಿಗೆಗೆ ನೇತುಹಾಕಿದ ಒಂದು ಜೊತೆ ಐಸ್ ಪಿಕ್ (ನೀರಿಗೆ ಬಿದ್ದರೆ ಐಸಿಗೆ ಚುಚ್ಚಿ ಮೇಲೆ ಬರಲು ಚೂಪು ಮೊಳೆಯ ಹಿಡಿ). ಪಿಕ್ ಜೇಬಿನಲ್ಲಿಟ್ಟರೆ ನೀರಿಗೆ ಬಿದ್ದಾಗ ಮರಗಟ್ಟಿದ ಕೈಗೆ ಸಿಗುವುದಿಲ್ಲ. ಒಬ್ಬರೇ ಹೋಗುವುದಂತೂ ಬೇಡವೇ ಬೇಡ.

ಕುಶಾಲನಗರ_ಮರಗೆಲಸ:
ಸರಿ, ಆ್ಯಶ್ ಅಲ್ಲೇ ನೋಡ್ತೇನೆ. ಇದನ್ನೆಲ್ಲ ನಮ್ಮ ಲಡಾಖಿನ ಪ್ಯಾಂಗಾಂಗ್ ಕೆರೆಯಲ್ಲೇ ಮಾಡೋಕಾಗಲ್ವಾ? 2023ರಲ್ಲಿ ಆ ಐಸ್ ಮೇಲೆ ಹಾಫ್ ಮ್ಯಾರಥಾನೇ ಓಡಿದ್ರಲ್ಲ.

ಮೆಂಡೋಟಾ_ದಂಡೆ:
ಓಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. 4,200 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಅದೇ ವೇಗದ ಗಾಳಿಗೆ ಹಾಯಿಯ ಎಳೆತವೂ ಅಷ್ಟೇ ಕಡಿಮೆ. ನೀರು ಉಪ್ಪು, ಅದೇ ದಪ್ಪದ ಉಪ್ಪು ಐಸ್ ಸಿಹಿನೀರಿನದರಷ್ಟು ಗಟ್ಟಿಯಲ್ಲ, 4 ಇಂಚಿನ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಸಾಲದ್ದಕ್ಕೆ ಗಡಿಯ ಕೆರೆ, ಗಂಟೆಗೆ 60 ಕಿಮೀ ಓಡುವ ಬೋಟಿಗೆ ಅಲ್ಲಿ ಅನುಮತಿ ಯಾರು ಕೊಡುತ್ತಾರೆ?

ಬಾಚಿ_ಉಳಿ:
ಒಂದು ಬಿಟ್ಟುಹೋಯ್ತು. ಟೀ ಕುಡಿಯೋಕೆ ಅಂತ ಇಳಿದ್ರೂ ಬೋಟನ್ನ ಗಾಳಿಗೆ ಎದುರು ನಿಲ್ಲಿಸಿ, ಮುಂದಿನ ರನ್ನರನ್ನ ಅಡ್ಡಕ್ಕೆ ತಿರುಗಿಸಿ, ಬ್ರೇಕ್ ಹಾಕಿ, ಹಾಯಿಯ ಹಗ್ಗ ಕಳಚಿ ಬಿಡಿ. ತಪ್ಪಿದ್ರೆ ಖಾಲಿ ಬೋಟ್ ತಾನೇ ಹೊರಟುಬಿಡುತ್ತೆ, ಎದುರಿಗೆ ಮೀನು ಹಿಡಿಯೋಕೆ ಕೂತವರಿಗೆ ಅದು ಬರೋ ಸದ್ದು ಕೇಳೋದು ತಡವಾಗಿ.