ಮಲ್ಪೆಯ ನೀರಿಗೆ ಪಾಮರ್ ಅಂಕ 15 ಬಂತು, ನಂಬಬಹುದಾ?

ಕಡಲಹನಿ: ಎಲ್ಲರಿಗೂ ನಮಸ್ಕಾರ. ಮಾರ್ಚ್ ಎರಡನೇ ವಾರ ಮಲ್ಪೆಯಿಂದ ನಾಡದೋಣಿಯಲ್ಲಿ ಹೋಗಿ ಸೂಕ್ಷ್ಮ ಪಾಚಿ ಹಿಡಿಯುವ 20 ಮೈಕ್ರಾನ್ ಕಣ್ಣಿನ ಬಲೆ ಎಳೆದೆ. ಬಲೆಯ ಬಾಯಿ 30 ಸೆಂ.ಮೀ., ಎಳೆದದ್ದು ಸುಮಾರು 50 ಮೀಟರ್. ಸಿಕ್ಕಿದ್ದನ್ನು 100 ಮಿ.ಲೀ. ಬಾಟಲಿಗೆ ಇಳಿಸಿ ಮರುದಿನ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಆಸಿಲೇಟೋರಿಯಾ ಎಂಬ ಪಾಚಿಯ ಎಳೆಗಳೇ ತುಂಬಿವೆ. ಜೊತೆಗೆ ಬೇರೆ ಪಾಚಿಗಳು: ನಾವಿಕ್ಯುಲಾ, ನಿಟ್ಜಿಯಾ, ಸಿನೆಡ್ರಾ, ಮೆಲೋಸಿರಾ, ಸೈಕ್ಲೋಟೆಲ್ಲಾ. ಕೊಳಚೆ ತಾಳುವ ಪಾಚಿಗಳಿಗೆ ಅಂಕ ಕೊಡುವ ಪಾಮರ್ ಪಟ್ಟಿಯ ಪ್ರಕಾರ 5+3+3+2+1+1, ಒಟ್ಟು 15. ಅಂದರೆ ಕೊಳಚೆ ಸೇರಿರಬಹುದು ಅಂತ. ಆದರೆ ಅಲ್ಲಿ ನೀರು ತಿಳಿಯಾಗೇ ಇತ್ತು. ಎಲ್ಲಿ ತಪ್ಪಿದೆ?

ಉಪ್ಪುನೀರು: ಎರಡು ಪ್ರಶ್ನೆ. ನೀರಿನ ಮೇಲೆ ಮರದ ಹುಡಿ ಚೆಲ್ಲಿದ ಹಾಗೆ ಏನಾದರೂ ತೇಲುತ್ತಿತ್ತಾ? ಬಾಟಲಿಯ ನೀರು ಬಣ್ಣ ತಿರುಗಿತಾ?

ಕಡಲಹನಿ: ಹುಡಿ ಇತ್ತು! ಉದ್ದುದ್ದ ಪಟ್ಟಿಯಾಗಿ. ದೋಣಿ ಕಟ್ಟುವ ಕಡೆಯಿಂದ ಬಂದದ್ದು ಅಂದುಕೊಂಡೆ. ಲುಗಾಲ್ ಅಯೋಡಿನ್ (ಪಾಚಿ ಕೆಡದಂತೆ ಹಾಕುವ ದ್ರಾವಣ) ಹಾಕದ ಬಾಟಲಿ ಬೆಳಗ್ಗೆ ತಿಳಿ ಗುಲಾಬಿಯಾಗಿತ್ತು. ಸರಿಯಾಗಿ ತೊಳೆದಿಲ್ಲವೇನೋ ಅಂತ ನನ್ನನ್ನೇ ಬೈದುಕೊಂಡೆ.

ಉಪ್ಪುನೀರು: ಬಾಟಲಿ ಸರಿಯಾಗಿಯೇ ಇದೆ ಬಿಡಿ. ಅದು ಟ್ರೈಕೋಡೆಸ್ಮಿಯಮ್, ಕಡಲಲ್ಲಿ ತೇಲುವ ನೀಲಿ-ಹಸಿರು ಪಾಚಿ. ಬೇಸಿಗೆಯಲ್ಲಿ ನಮ್ಮ ಕರಾವಳಿಗೆ ಮಾಮೂಲಿ ಅತಿಥಿ. ಕಡಲಲ್ಲಿ ಎಳೆಗಳು ಬೈಹುಲ್ಲಿನ ಕಟ್ಟಿನ ಹಾಗೆ ಒಟ್ಟಿಗಿರುತ್ತವೆ. ಬಾಟಲಿಗೆ ಬಿದ್ದ ಕೆಲವೇ ಗಂಟೆಯಲ್ಲಿ ಕಟ್ಟು ಬಿಚ್ಚಿಕೊಳ್ಳುತ್ತದೆ. ಮರುದಿನ ಬಿಡಿ ಎಳೆ ನೋಡಿದರೆ ಯಾರಾದರೂ ಆಸಿಲೇಟೋರಿಯಾ ಅಂತಲೇ ಬರೆಯುತ್ತಾರೆ, ನಾನೂ ಬರೆದಿದ್ದೇನೆ. ಜೀವಕೋಶ ಒಡೆದಾಗ ಒಳಗಿನ ಕೆಂಪು ಬಣ್ಣ ನೀರಿಗೆ ಸೋರುತ್ತದೆ, ನಿಮ್ಮ ಗುಲಾಬಿ ಅದೇ.

ತಮಾಷೆ ನೋಡಿ, ಇದು ಗಾಳಿಯ ನೈಟ್ರೋಜನ್ನನ್ನೇ ಹಿಡಿದು ಬದುಕುತ್ತದೆ. ಹಾಗಾಗಿ ನೈಟ್ರೇಟ್ ಕಡಿಮೆ ಇರುವ ನೀರಲ್ಲೂ ಚೆನ್ನಾಗಿ ಬೆಳೆಯುತ್ತದೆ. ಕೊಳಚೆಯ ಗುರುತಿಗೆ ತೀರಾ ಉಲ್ಟಾ, ಅಲ್ವಾ? ಹಾಗಂತ ನಿರುಪದ್ರವಿ ಅಲ್ಲ. ರಾಶಿ ಬೆಳೆದು ಕೊಳೆತರೆ ನೀರಿನ ಆಮ್ಲಜನಕ ಇಳಿಯುತ್ತದೆ.

ಇನ್ನು ಪಾಮರ್. 1969ರ ಆ ಪಟ್ಟಿ ಸಿಹಿನೀರಿನ ಪಾಚಿಗಳದ್ದು, ಕಡಲಿಗೆ ಸುಮ್ನೆ ಹಾಕಬೇಡಿ. ಮೇಲಾಗಿ ಅದರಲ್ಲಿ ಅಂಕ ಸಿಗಲು ಆ ಪಾಚಿ ಮಿ.ಲೀ. ನೀರಿಗೆ 50 ಆದರೂ ಇರಬೇಕು. ನಿಮ್ಮ ಬಲೆ ಸುಮಾರು 3,500 ಲೀಟರ್ ನೀರನ್ನು ಸೋಸಿ 100 ಮಿ.ಲೀ.ಗೆ ಇಳಿಸಿದೆ, ಅಂದರೆ 35 ಸಾವಿರ ಪಟ್ಟು. ಆ ಬಾಟಲಿಯಲ್ಲಿ ಏನು ತಾನೇ ಕಾಣಿಸಲ್ಲ! ಬಲೆ ಯಾರ್ಯಾರು ಇದ್ದಾರೆ ಅಂತ ತಿಳಿಯಲು. ಎಣಿಕೆಗೆ 1 ಲೀಟರ್ ನೀರು ಹಾಗೇ ತನ್ನಿ, ತಿಳಿ ಚಹಾ ಬಣ್ಣ ಬರುವಷ್ಟು ಲುಗಾಲ್ ಹಾಕಿ.

ಕಡಲಹನಿ: ಹಳೆಯ ಸ್ಲೈಡ್ ಮತ್ತೆ ನೋಡಿದೆ. ಸಿನೆಡ್ರಾ ಅಂದುಕೊಂಡ ಕಡ್ಡಿಗಳು ಮೂಲೆಗೆ ಮೂಲೆ ಅಂಟಿಕೊಂಡು ಅಂಕುಡೊಂಕಾಗಿ ನಿಂತಿವೆ.

ಉಪ್ಪುನೀರು: ಥಲಾಸಿಯೊನೀಮಾ ಇರಬೇಕು. ಕಡಲಿನದ್ದೇ. ಅಲ್ಲಿಗೆ ಇನ್ನೆರಡು ಅಂಕವೂ ಹೋಯ್ತು.

ಕಡಲಹನಿ: 😀 ಪಾಚಿ ತಳಕ್ಕೆ ಇಳಿಯಲು 1 ಲೀಟರ್ ನೀರನ್ನು ಒಂದು ದಿನ ಅಲುಗಾಡಿಸದೆ ಇಟ್ಟು ಮೇಲಿನದ್ದನ್ನು ಚೆಲ್ಲಿದರೆ ಸಾಕಾ?

ಉಪ್ಪುನೀರು: 24 ಗಂಟೆ ಬೇಕೇ ಬೇಕು, 48 ಆದರೆ ಇನ್ನೂ ವಾಸಿ. ಆದರೆ ಟ್ರೈಕೋಡೆಸ್ಮಿಯಮ್ ಒಳಗೆ ಗಾಳಿಗುಳ್ಳೆ ಇರುವುದರಿಂದ ಮೇಲೆ ತೇಲಿಕೊಂಡೇ ಉಳಿಯಬಹುದು. ಚೆಲ್ಲುವ ಮೊದಲು ಮೇಲಿನ ನೀರಿನದ್ದೂ ಒಂದು ಹನಿ ನೋಡಿ.