ಸಹಾಯ ಬೇಕು: ಚೋಕ್ ತೆಗೆದ ಕೂಡಲೇ ನಿಂತುಹೋಗುವ ಹುಲ್ಲು ಕತ್ತರಿಸುವ ಯಂತ್ರ

ಎಲ್ಲರಿಗೂ ನಮಸ್ಕಾರ. ನನ್ನ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಯಂತ್ರವು ಚೋಕ್ (ಒಳಬರುವ ಗಾಳಿಯನ್ನು ತಡೆದು ಇಂಧನದ ಪಾಲು ಹೆಚ್ಚಿಸುವ ಕವಾಟ) ಹಾಕಿದಾಗ ಸರಾಗವಾಗಿ ಚಾಲೂ ಆಗುತ್ತದೆ. ಆದರೆ ಎಂಜಿನ್ ಬಿಸಿಯಾದ ಮೇಲೂ ಚೋಕ್ ತೆಗೆದರೆ ವೇಗ ಏರಿಳಿದು ನಿಂತುಹೋಗುತ್ತದೆ. ಪೆಟ್ರೋಲ್ ಹೊಸದು, ಏರ್ ಫಿಲ್ಟರ್ ಸ್ವಚ್ಛವಾಗಿದೆ, ಕಿಡಿಯೂ ಚೆನ್ನಾಗಿದೆ. ಸ್ಪಾರ್ಕ್ ಪ್ಲಗ್ಗಿನ ತುದಿ ಬಿಳಿಚಿಕೊಂಡು ಒಣಗಿರುವುದರಿಂದ, ಗಾಳಿಯ ಪ್ರಮಾಣಕ್ಕೆ ತಕ್ಕಷ್ಟು ಇಂಧನ ಸೇರುತ್ತಿಲ್ಲವೆಂಬುದು ನನ್ನ ಅನಿಸಿಕೆ.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಬಟ್ಟಲನ್ನು ಬಿಚ್ಚಿದಾಗ ತಳದಲ್ಲಿ ಜೇನಿನ ಬಣ್ಣದ ಅಂಟು ಕಂಡಿತು. ಅದನ್ನು ಒರೆಸಿ, ಇಂಧನ ಹಾಯುವ ಸಣ್ಣ ರಂಧ್ರವಿರುವ ಮುಖ್ಯ ಜೆಟ್ಟಿಗೆ ಕ್ಲೀನರ್ ಸಿಂಪಡಿಸಿದರೂ ಫಲ ಸಿಕ್ಕಿಲ್ಲ. ತಂತಿ ತೂರಿಸಿದರೆ ರಂಧ್ರದ ಅಳತೆಯೇ ಕೆಡಬಹುದೆಂದು ಅದಕ್ಕೆ ಕೈಹಾಕಿಲ್ಲ.

ಪೈಲಟ್ ಜೆಟ್ (ಕಡಿಮೆ ವೇಗದಲ್ಲಿ ಇಂಧನ ಒದಗಿಸುವ ಜೆಟ್) ಕಟ್ಟಿಕೊಂಡಿದೆಯೋ ಅಥವಾ ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ಗ್ಯಾಸ್ಕೆಟ್ಟಿನಲ್ಲಿ (ಸಂದು ಮುಚ್ಚುವ ಪದರದಲ್ಲಿ) ಗಾಳಿ ಒಳಸೇರುತ್ತಿದೆಯೋ ಎಂಬುದನ್ನು, ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುವುದರಿಂದ ಉರಿಯುವ ದ್ರವ ಬಳಸದೆ ಪತ್ತೆಹಚ್ಚುವ ವಿಧಾನವನ್ನು ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.